ದಪ್ಪ ಪುಸ್ತಕ ಮತ್ತು ಹಾರಿದ ರಾಜ

ಚೆಸ್ ಸುಧಾರಿಸಬೇಕಾದರೆ ದೊಡ್ಡ ಪುಸ್ತಕ ಓದಬೇಕು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಆ ಪುಸ್ತಕ ಓದಿರುವುದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆಲೆಟ್ಟಿಯಿಂದ ಬಂದು ಪುತ್ತೂರಿನಲ್ಲಿ ಕಾಲೇಜು ಓದುತ್ತಿದ್ದೆ. ಆಟ ಕಲಿಸಿದ್ದು ಸೋದರಮಾವ. ನಮ್ಮ ಮನೆಯ ಆಟದಲ್ಲಿ ಕಾಲಾಳು ಒಂದೇ ಮನೆ ನಡೆಯುತ್ತಿತ್ತು. ಅಲ್ಲಿಯವರೆಗೆ ಒಮ್ಮೆಯೂ ಚೆಕ್ ಬೀಳದ ರಾಜ ಒಂದು ಸಲ ಕುದುರೆಯಂತೆ ಹಾರಬಹುದಿತ್ತು. ನಮ್ಮ ಕಡೆ ಎಲ್ಲರೂ ಆಡುತ್ತಿದ್ದದ್ದು ಹಾಗೆಯೇ.

ಕಾಲೇಜಿನ ಚೆಸ್ ತಂಡ ಪಂದ್ಯಕ್ಕೆ ಮಂಗಳೂರಿಗೆ ಹೋಗುವುದಿತ್ತು. ನನಗೆ ಆ ತಂಡದಲ್ಲಿ ಹೋಗಲೇಬೇಕಿತ್ತು. ಆಯ್ಕೆ ಮಾಡುವ ಅಧ್ಯಾಪಕರ ಹತ್ತಿರ ಏನು ಓದಲಿ ಎಂದು ಕೇಳಿದೆ. "ಓಪನಿಂಗ್ ಓದು, ಆಟ ಶುರು ಮಾಡುವ ನಡೆಗಳು. ದೊಡ್ಡ ಪುಸ್ತಕ ತಗೊ" ಎಂದರು. ಲೈಬ್ರರಿಯಲ್ಲಿದ್ದ ಒಂದೇ ಚೆಸ್ ಪುಸ್ತಕವನ್ನು ಇಡೀ ವರ್ಷ ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದವರೂ ಅವರೇ. ಅದನ್ನು ಕೊಡುತ್ತೇನೆ ಎನ್ನಲಿಲ್ಲ.

ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಎರಡು ಚೆಸ್ ಪುಸ್ತಕಗಳಿದ್ದವು, ಒಂದು ತೆಳು, ಒಂದು ದಪ್ಪ. ತೆಳುವಿಗೆ ಕೈ ಹಾಕಿದೆ. "ಅದು ಸಣ್ಣ ಮಕ್ಕಳಿಗೆ" ಎಂದ ಅಂಗಡಿಯವನು, ನನ್ನ ಮುಖವನ್ನೂ ನೋಡದೆ. ನನಗೆ ರೋಷ ಬಂದು ದಪ್ಪದ್ದನ್ನೇ ತಂದೆ.

ಅದನ್ನು ಬರೆದ ಮಹಾನುಭಾವ ಓದುವವರಿಗೆ ಎಲ್ಲವೂ ಗೊತ್ತೆಂದು ತಿಳಿದಿದ್ದ. ಕಾಲಾಳು ಮೊದಲು ಎರಡು ಮನೆ ನಡೆಯುವುದು ಆಟಗಳನ್ನು ಹಾಕಿ ನೋಡಿದಾಗ ತಿಳಿಯಿತು. ಆದರೆ ನಡೆ ಬರೆಯುವ ಜಾಗದಲ್ಲಿ ಅಲ್ಲಲ್ಲಿ ಬರೀ ಎರಡು ಸೊನ್ನೆಗಳಿರುತ್ತಿದ್ದವು. ಯಾವ ಕಾಯಿ, ಎಲ್ಲಿಗೆ, ಒಂದೂ ಇಲ್ಲ. ಒಬ್ಬ ಆಟಗಾರನಿಗೆ ಒಂದೇ ಸಲ ಅದು ಬರುವುದನ್ನು ನೋಡಿ, ಮಾವನ ರಾಜ ಹಾರುವುದು ಇದೇ ಎಂದುಕೊಂಡೆ. ಖಾಲಿ ಮನೆ ನೋಡಿ ಹಾರಿಸುತ್ತಾ ಅಷ್ಟೂ ಆಟಗಳನ್ನು ಬಾಯಿಪಾಠ ಮಾಡಿದೆ.

ಆಯ್ಕೆಯ ದಿನ ನನಗೆ ಎದುರಾದದ್ದು ಕಡಬದ ಕಡೆಯ ಹುಡುಗ. ಮೂರನೇ ನಡೆಗೇ ಅವನು ಪುಸ್ತಕದಲ್ಲಿಲ್ಲದ ಏನೋ ಆಡಿದ. ಬಾಯಿಪಾಠವೆಲ್ಲ ದಂಡವಾದರೂ ತಲೆ ಓಡಿಸಿ ಅವನನ್ನು ಕಟ್ಟಿಹಾಕಿದ್ದೆ. ಆಮೇಲೆ ನನ್ನ ರಾಜನನ್ನು ಹಾರಿಸಿದೆ.

ಅಧ್ಯಾಪಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂತ ಮಾರಾಯ್ತಿ ಇದು? ರಾಜ ಹಾರುದು ಯಾವ ಪುಸ್ತಕದಲ್ಲಿ ಉಂಟು?"

ಸುತ್ತ ನಿಂತ ಹುಡುಗರೂ ನಕ್ಕರು. ಒಂದು ನಡೆ ನಿಯಮಕ್ಕೆ ತಪ್ಪಿದರೆ ಅದನ್ನು ಹಿಂದೆ ತೆಗೆದು ಬೇರೆ ಆಡಬಹುದೆಂದು ಹೇಳುವುದು ಬಿಟ್ಟು, ನಾನು ಸೋತೆನೆಂದು ಹೇಳಿ ಆಟ ನಿಲ್ಲಿಸಿದರು. ಆ ನಗು ನನ್ನ ಕಿವಿಯಿಂದ ಹೋಗಲಿಲ್ಲ.

ಮರುದಿನವೇ ತೆಳು ಪುಸ್ತಕ ತಂದೆ. ಎರಡು ಸೊನ್ನೆಯೆಂದರೆ ರಾಜ ಆನೆಯ ಕಡೆ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕದಲ್ಲಿ ಕೂರುವುದು ಎಂದು ಮೊದಲ ಪಾಠದಲ್ಲೇ ಚಿತ್ರಸಮೇತ ಇತ್ತು. ಕೊನೆಯಲ್ಲಿ ನಾಲ್ಕೇ ಕಾಯಿ ಉಳಿದಾಗ ಹೇಗೆ ಗೆಲ್ಲುವುದೆಂದೂ ಇತ್ತು. ಪುಸ್ತಕ ಆರಿಸುವವರಿಗೆ ನಾನು ಹೇಳುವುದಿಷ್ಟೇ, ನಿಮಗೆ ಏನು ಗೊತ್ತಿಲ್ಲವೋ ಅದು ಇರುವ ಪುಸ್ತಕ ತೆಗೆದುಕೊಳ್ಳಿ. ಉಳಿದದ್ದು ಕಪಾಟಿನ ಅಲಂಕಾರ.

ಮುಂದಿನ ವರ್ಷದ ಆಯ್ಕೆಯಲ್ಲಿ ಆ ಹುಡುಗನನ್ನೂ ಉಳಿದವರನ್ನೂ ಸೋಲಿಸಿದೆ. ನಂಬಿಕೆ ಬಾರದೆ ಅಧ್ಯಾಪಕರೇ ಎದುರು ಕೂತರು. ಅವರನ್ನೂ ಸೋಲಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, "ಆಟ ಏನೋ ಆಡ್ತಿ. ಆದ್ರೆ ಹುಡುಗರ ಒಟ್ಟಿಗೆ ಒಬ್ಬಳೇ ಹುಡುಗಿಯನ್ನು ಮಂಗಳೂರಿಗೆ ಕರ್ಕೊಂಡು ಹೋಗುದು ಆಗುದಿಲ್ಲ" ಎಂದರು.

ಈ ಮಾತನ್ನು ಹಿಂದಿನ ವರ್ಷವೇ ಹೇಳಬಹುದಿತ್ತು.

"ಅದು ಯಾವ ಪುಸ್ತಕದಲ್ಲಿ ಉಂಟು ಸಾರ್?" ಎಂದು ಕೇಳಿದೆ.

ಈ ಸಲ ಯಾರೂ ನಗಲಿಲ್ಲ. ಅವರು ಕಾಯಿಗಳನ್ನು ಡಬ್ಬಿಗೆ ತುಂಬತೊಡಗಿದರು. ತಂಡ ನನ್ನನ್ನು ಬಿಟ್ಟು ಮಂಗಳೂರಿಗೆ ಹೋಯಿತು, ಮೊದಲ ಸುತ್ತಿನಲ್ಲೇ ಸೋತು ಬಂತು. ನನಗೆ ತುಂಬ ಸಂತೋಷವಾಯಿತು.