ಕುಶಲಾಳ ನಾಲ್ಕು ಬೈಕ್ ಕೀಗಳು

ಕಾಪುವಿನ ಕುಶಲಾ ಹದಿನೆಂಟು ವರ್ಷ ಬಸ್ಸಿನಲ್ಲೇ ಓಡಾಡಿ ಮೀನು ಮಾರಿದವಳು. ಬೆಳಗ್ಗೆ ಮಲ್ಪೆ ಬಂದರಿನ ಹರಾಜಿನಲ್ಲಿ ಮೀನು ಕೊಂಡು ಅಲೆವೂರಿಗೆ ಹೋಗಿ ಮನೆಮನೆಗೆ ಕೊಡುತ್ತಿದ್ದಳು. ಬುಟ್ಟಿ ಕಂಡು ಮೂಗು ಮುಚ್ಚಿಕೊಳ್ಳುವವರನ್ನು ಅವಳು ಲೆಕ್ಕಕ್ಕೆ ಹಿಡಿದವಳಲ್ಲ. ಆದರೆ ಒಂದು ದಿನ ಹೊಸ ಕಂಡಕ್ಟರ್ ಒಬ್ಬ ಬುಟ್ಟಿಯನ್ನು ಕಾಲಿನಿಂದ ಕೆಳಗೆ ತಳ್ಳಿದ. ಬಂಗುಡೆ ಮೀನೆಲ್ಲ ರಸ್ತೆಗೆ ಚೆಲ್ಲಿತು. ಕುಶಲಾ ಒಂದೊಂದಾಗಿ ಹೆಕ್ಕಿಕೊಂಡಳು. ಮೀನಿನ ಬುಟ್ಟಿಯೊಂದಿಗೆ ಮತ್ತೆ ಬಸ್ಸು ಹತ್ತಲಿಲ್ಲ.

ನಲವತ್ತಾರನೇ ವಯಸ್ಸಿನಲ್ಲಿ ಬೈಕ್ ಕಲಿತಳು. ಲೈಸೆನ್ಸ್ ಮಾಡಿಸಿ, ಹಳೆಯ ಬೈಕೊಂದನ್ನು ತನ್ನ ಹೆಸರಿಗೇ ತೆಗೆದುಕೊಂಡು, ಹಿಂದೆ ಎರಡು ಕ್ರೇಟ್ ಕಟ್ಟಿದಳು. ಚೂಡಿದಾರದ ಮೇಲೆ ಗಂಡನ ಹಳೆಯ ಅಂಗಿ ಹಾಕಿಕೊಂಡು ಹೊರಟರೆ ಕಾಪು ಪೇಟೆಯೇ ತಿರುಗಿ ನೋಡುತ್ತಿತ್ತು. ಬೋಟಿನಲ್ಲಿ ದುಡಿಯುವ ಗಂಡ ಚಂದು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಬೀಳಬೇಡ ಮಾರಾಯ್ತಿ."

ಸಹಿಸದವನು ಅಣ್ಣ ತಾರಾನಾಥ. ತಾಯಿಮನೆಯಲ್ಲೇ ಎಲ್ಲರೂ ಒಟ್ಟಿಗೆ ಇದ್ದವರು. ಭಜನಾ ಮಂದಿರದ ಅಧ್ಯಕ್ಷನಾದ ಅವನಿಗೆ ಅಲ್ಲಿ ಯಾರೋ, "ನಿಮ್ಮ ತಂಗಿ ಭಾರೀ ಜೋರುಂಟಲ್ಲ," ಎಂದು ನಕ್ಕಿದ್ದರಂತೆ. ಮರುದಿನ ಬೆಳಗ್ಗೆ ಬಾಗಿಲ ಪಕ್ಕದ ಮೊಳೆಯಲ್ಲಿ ಬೈಕಿನ ಕೀ ಇರಲಿಲ್ಲ.

"ಎಲ್ಲಿಯಾದರೂ ಬಿದ್ದಿರಬಹುದು. ಬಸ್ಸಿನಲ್ಲಿ ಹೋಗು," ಎಂದ ತಾರಾನಾಥ, ಪೇಪರಿನಿಂದ ತಲೆ ಎತ್ತದೆ.

ಅವನ ಅಂಗಿಯ ಜೇಬು ಕೀಯ ಭಾರಕ್ಕೆ ಜೋತುಬಿದ್ದದ್ದು ಕುಶಲಾಳಿಗೆ ಕಾಣುತ್ತಿತ್ತು. ಕೇಳಲಿಲ್ಲ. ಕೇಳಿದರೆ ಅವನು ಕೊಟ್ಟಂತೆ ಆಗುತ್ತದೆ, ತನ್ನ ಬೈಕಿಗೆ ತಾನು ಬೇಡಿದಂತೆ ಆಗುತ್ತದೆ. ಅವತ್ತಿನ ವ್ಯಾಪಾರ ಹೋದರೆ ಹೋಗಲಿ ಎಂದು ಬರಿಗೈಯಲ್ಲಿ ಉಡುಪಿಗೆ ಹೋಗಿ, ಕೀ ಮಾಡುವ ಸ್ಟ್ಯಾನಿಸ್ಲಾಸರನ್ನು ಮನೆಗೇ ಕರೆತಂದಳು. ಅಂಗಳದಲ್ಲಿ ಅವರು ಬೈಕಿನ ಬೀಗ ನೋಡಿ ಹೊಸ ಕೀಗೆ ಅರ ಉಜ್ಜುತ್ತಿದ್ದಾಗ ತಾರಾನಾಥ ಜಗಲಿಯಲ್ಲೇ ಕೂತಿದ್ದ.

"ಒಂದು ಸಾಕಲ್ವಾ ಅಕ್ಕ?" ಎಂದರು ಸ್ಟ್ಯಾನಿಸ್ಲಾಸ್.

"ನಾಲ್ಕು ಮಾಡಿ. ನಮ್ಮ ಮನೆಯಲ್ಲಿ ಕೀ ಬೇಗ ಕಳೆದುಹೋಗುತ್ತದೆ," ಎಂದಳು ಕುಶಲಾ, ಜಗಲಿಗೆ ಕೇಳುವಷ್ಟು ದೊಡ್ಡದಾಗಿ.

ಒಂದು ಮೊಳೆಗೆ ಹೋಯಿತು. ಒಂದು ಕರಿಮಣಿಯ ಜೊತೆ ಕೊರಳಿಗೆ, ಒಂದು ಸೊಂಟದ ಚೀಲಕ್ಕೆ. ನಾಲ್ಕನೆಯದನ್ನು ಕಷ್ಟಕಾಲಕ್ಕೆ ಇರಲೆಂದು ಅಲೆವೂರಿನ ಗಿರಾಕಿ ಲೀನಾ ಬಾಯಿಯ ಮನೆಯಲ್ಲಿ ಇಟ್ಟಳು.

ವಾರದೊಳಗೆ ಮೊಳೆ ಮತ್ತೆ ಖಾಲಿಯಾಯಿತು. ಕುಶಲಾ ಕೊರಳಿನ ಕೀ ತೆಗೆದು ಬೈಕಿಗೆ ಹಾಕಿದಳು. ತಾರಾನಾಥ ಬಂದು ಹ್ಯಾಂಡಲ್ ಹಿಡಿದು ನಿಂತ. ನೆರೆಮನೆಯ ಶರ್ಮಿಳಾ ಗುಡಿಸುವುದನ್ನು ನಿಲ್ಲಿಸಿದಳು.

"ಕೀ ಕೊಡು. ನನ್ನ ಮರ್ಯಾದೆ ಉಳಿಸು."

"ತೆಗೆದುಕೊಳ್ಳಿ ಅಣ್ಣ." ಕೀ ಕಿತ್ತು ಅವನ ಅಂಗೈಗೆ ಹಾಕಿದಳು. ಅವನು ಹ್ಯಾಂಡಲ್ ಬಿಟ್ಟ. ಅಷ್ಟರಲ್ಲಿ ಸೊಂಟದ ಚೀಲದಿಂದ ಇನ್ನೊಂದು ಹೊರಬಂದಿತ್ತು. ಬೈಕ್ ಗುಡುಗಿತು.

"ಇನ್ನೆಷ್ಟು ಉಂಟು ನಿನ್ನ ಹತ್ತಿರ?"

"ನೀವು ಕಳೆದಷ್ಟೂ ಮಾಡಿಸುತ್ತೇನೆ. ಬಸ್ಸಿನಿಂದ ನನ್ನ ಮೀನು ಬೀದಿಗೆ ಬಿದ್ದ ದಿನ ನಿಮ್ಮ ಮರ್ಯಾದೆ ಎಲ್ಲಿತ್ತು? ಸ್ವಲ್ಪ ಬದಿಗೆ ನಿಲ್ಲಿ, ಮಲ್ಪೆಯಲ್ಲಿ ಮೀನಿನ ಏಲಂ ಶುರುವಾಗುತ್ತದೆ."

ಅವನು ಬದಿಗೆ ಸರಿದ. ಹೆದ್ದಾರಿ ಮುಟ್ಟುವವರೆಗೂ ಕುಶಲಾ ಹಿಂದೆ ತಿರುಗಿ ನೋಡಲಿಲ್ಲ.

ಒಂದು ತಿಂಗಳು ತಾರಾನಾಥ ಅವಳೊಡನೆ ಮಾತು ಬಿಟ್ಟ. ಅವಳು ಬಡಿಸಿದ ಅಂಜಲ್ ಮೀನು ಮಾತ್ರ ಬಿಡಲಿಲ್ಲ. ಆಮೇಲೊಂದು ದಿನ ಶರ್ಮಿಳಾ ಸುದ್ದಿ ತಂದಳು. ಮಂದಿರದಲ್ಲಿ ಯಾರೋ ಮತ್ತೆ ತಂಗಿಯ ಬೈಕಿನ ಮಾತು ತೆಗೆದಾಗ ತಾರಾನಾಥ, "ಅವಳ ಬೈಕ್, ಅವಳ ಲೈಸೆನ್ಸ್. ನಿಮಗೆ ಎಂತ?" ಎಂದನಂತೆ.

"ಹೌದಾ," ಎಂದಳು ಕುಶಲಾ, ಕ್ರೇಟ್ ತೊಳೆಯುತ್ತಾ. "ಹೇಳಲಿ. ಆದರೂ ಕೀಯನ್ನು ನಾನು ಮೊಳೆಗೆ ಹಾಕುವುದಿಲ್ಲ."