ರಾಕ್ ಹಾಡಿಗೆ ಹೋದ ನನ್ನ ಮುಖ

ದನದ ಸಂತೆಯಲ್ಲಿ ವ್ಯಾಪಾರ ಕುದುರಿಸುವಾಗ ಬಾಯಿಗೆ ಕೆಲಸವಿಲ್ಲ. ಹುಮನಾಬಾದಿನ ಸಂತೆಯಲ್ಲಿ ನಾನು ದಲಾಲಿ ಕಲಿತದ್ದೇ ಹಾಗೆ. ಮಾರುವವನ ಕೈ, ಕೊಳ್ಳುವವನ ಕೈ, ಎರಡರ ಮೇಲೂ ಒಂದು ಟವೆಲು. ಅದರ ಕೆಳಗೆ ಬೆರಳು ಹಿಡಿದು ರೇಟು ಹೇಳುವುದು. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ, ಆ ಮುಖಗಳು ಏನನ್ನೂ ಹೇಳಬಾರದು. ನನಗೆ ಕಲಿಸಿದ ಹಿರಿಯ ದಲಾಲನನ್ನು ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಅವನ ಪಾಠ ಇಷ್ಟೇ: "ಮಾರಿ ಮ್ಯಾಲ ಸುಳ್ಳ ಹೇಳು, ನಡೀತದ. ಟವೆಲಿನ ಬುಡಕ ಸುಳ್ಳ ಹೇಳಬ್ಯಾಡ. ಹೇಳಿದಿ ಅಂದ್ರ ಈ ಬಜಾರದಾಗ ನಿನಗ ಮತ್ತ ಯಾರೂ ಕೈ ಕೊಡಂಗಿಲ್ಲ."

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದೆ ಬೇಕಾಗುತ್ತದೆ.

ತೊಂಬತ್ತರ ದಶಕದ ನಡುವಿನಲ್ಲಿ ದಲಾಲಿ ಬಿಟ್ಟು ಬಸವಕಲ್ಯಾಣದಲ್ಲಿ ಮದುವೆ ವಿಡಿಯೋ ತೆಗೆಯುವ ಅಂಗಡಿ ಹಾಕಿದೆ. ಒಬ್ಬನೇ ಅಲ್ಲ, ದೋಸ್ತನ ಜೊತೆ. ಅವನು ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದ, ಕ್ಯಾಮೆರಾ ಹಿಡಿದರೆ ಅದೂ ಗಿಟಾರಿನ ಹಾಗೆಯೇ ಅವನ ಮಾತು ಕೇಳುತ್ತಿತ್ತು. ಗಿರಾಕಿ ನನ್ನವರು, ಚಿತ್ರ ಅವನದು. ಯಾವ ಶಾಟ್ ಚೆನ್ನಾಗಿದೆ ಎಂದು ನೋಡಿ ಹೇಳುವ ಕಣ್ಣು ನನಗಿತ್ತು, ತೆಗೆಯುವ ಕೈ ಇರಲಿಲ್ಲ. ಅವನು ಬಿಟ್ಟು ಹೋದ ದಿನ ಅಂಗಡಿಯ ಬಾಗಿಲು ಮುಚ್ಚಬೇಕು ಅನ್ನುವುದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಪಾಲುದಾರಿಕೆ ಮಾಡುವವರಿಗೆ ಒಂದು ಮಾತು: ನಿಮ್ಮ ಕೈಲಾಗದ ಕೆಲಸವನ್ನು ಪೂರ್ತಿ ಇನ್ನೊಬ್ಬನ ಕೈಗೆ ಕೊಡಬೇಡಿ. ಅರ್ಧವಾದರೂ ಕಲಿತುಕೊಳ್ಳಿ.

ರಾಕ್ ಹಾಡಿನ ವಿಡಿಯೋ ಹುಚ್ಚು ಹತ್ತಿಸಿದವನೂ ಅವನೇ. ಊರಿಗೆ ಆಗಷ್ಟೇ ಕೇಬಲ್ ಬಂದಿತ್ತು. ಕೇಬಲ್‌ನವನ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ಇಬ್ಬರೂ ಕೂತು ಪರದೇಶದ ಹಾಡು ನೋಡುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ಕೇಬಲ್‌ನವನ ಮುದುಕಿ ತಾಯಿ ಮಲಗಿರುತ್ತಿದ್ದಳು. ಸದ್ದು ಬಂದರೆ ಒಳಗಿನಿಂದಲೇ ಬೈಗುಳ: "ಯಾಂವ ಸತ್ತಾನಂತ ಹಂಗ ಒದರಾಕತ್ತಾನೋ?" ಅದಕ್ಕೆ ಟಿವಿಯ ಸದ್ದನ್ನು ಪೂರ್ತಿ ಕಳೆದು ನೋಡುವುದು ರೂಢಿಯಾಯಿತು. ಹೇಗೂ ಆ ಹಾಡಿನ ಭಾಷೆ ನಮಗೆ ತಿಳಿಯುತ್ತಿರಲಿಲ್ಲ. ಆದರೆ ಹಾಡುವವನಿಗೆ ಸಿಟ್ಟು ಬಂದಿದೆಯೋ, ಎದೆ ಒಡೆದಿದೆಯೋ ಅನ್ನುವುದು ಸದ್ದಿಲ್ಲದೆಯೂ ತಿಳಿಯುತ್ತಿತ್ತು. ಹೇಗೆ ತಿಳಿಯುತ್ತದೆ? ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾವು ಎಷ್ಟೋ ಮಧ್ಯಾಹ್ನ ಕಳೆದೆವು.

ಸಿಟ್ಟಿನ ಹಾಡಾದರೆ ಒಂದು ಚಿತ್ರವೂ ಕಣ್ಣಲ್ಲಿ ನಿಲ್ಲುವುದಿಲ್ಲ. ಡ್ರಮ್ಮಿನ ಪೆಟ್ಟಿಗೊಂದು ತುಂಡು: ಬಾಯಿ, ತಂತಿ, ಬೂಟು, ಮತ್ತೆ ಬಾಯಿ. ಸಂತೆಯಲ್ಲಿ ಜಗಳ ಹತ್ತಿದಾಗ ಮಾತು ತುಂಡಾಗುತ್ತದಲ್ಲ, ಹಾಗೆ. ದುಃಖದ ಹಾಡಿನಲ್ಲಿ ಒಂದೇ ಚಿತ್ರವನ್ನು ಸಾಕೆನಿಸಿದರೂ ಬಿಡುವುದಿಲ್ಲ. ನೋಡುವವನಿಗೆ ಇರುಸುಮುರುಸಾಗಿ, ಕಣ್ಣು ತೆಗೆಯಬೇಕು ಅನ್ನಿಸುವ ತನಕ ಹಿಡಿದಿರುತ್ತಾರೆ. ಹಾಡುಗಾರನ ಬೆನ್ನ ಹಿಂದೆ ದೀಪ ಇಟ್ಟರೆ ಅವನು ಒಂಟಿಯಾಗುತ್ತಾನೆ, ಮುಖ ಕತ್ತಲಲ್ಲಿ ಉಳಿದು ಅಂಚು ಮಾತ್ರ ಹೊಳೆಯುತ್ತದೆ. ಬಣ್ಣ ತೆಗೆದರೆ ಈಗ ನಡೆಯುತ್ತಿರುವುದೂ ಎಂದೋ ಮುಗಿದುಹೋದದ್ದರಂತೆ ಕಾಣುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಹಾಡುವವನ ಮುಖ ಕಲ್ಲಿನಂತೆ ಇರುತ್ತದೆ, ಕ್ಯಾಮೆರಾ ಮೆಲ್ಲಗೆ ಕೆಳಗಿಳಿದು ಅವನ ಕೈ ತೋರಿಸುತ್ತದೆ. ಕೈ ನಡುಗುತ್ತಿರುತ್ತದೆ.

"ದೋಸ್ತ, ಇದು ನಮ್ಮ ದನದ ಬಜಾರ!" ಎಂದು ಕೂಗಿಬಿಟ್ಟಿದ್ದೆ. ಒಳಗಿನಿಂದ ಮುದುಕಿ ಬೈದಳು.

ಕಲಿತದ್ದನ್ನು ಮದುವೆಗಳಲ್ಲಿ ಹಾಕತೊಡಗಿದೆವು. ಘಾಟಬೋರಾಳದ ಒಂದು ಮದುವೆಯಲ್ಲಿ ಹುಡುಗಿಯನ್ನು ಗಂಡನ ಮನೆಗೆ ಕಳಿಸುವಾಗ ದೋಸ್ತ ಅವಳ ಮುಖ ತೆಗೆಯಲೇ ಇಲ್ಲ, ಅವ್ವನ ಸೆರಗು ಹಿಡಿದ ಕೈ ತೆಗೆದ. ಮುಷ್ಟಿ ಮೆಲ್ಲಗೆ ಬಿಚ್ಚಿ, ಸೆರಗು ಜಾರುವ ತನಕ. ಕ್ಯಾಸೆಟ್ ನೋಡಿ ಹುಡುಗಿಯ ಸೋದರಮಾವ ಅಂಗಡಿಗೇ ಬಂದ.

"ಏನ್ರೀ ಇದು, ಮದುವಿ ಹುಡುಗಿ ಮಾರಿ ಬಿಟ್ಟು ಕೈ ತೆಗದೀರಿ? ಬಳಿ ಅಂಗಡಿ ಅಡ್ವಟೈಜ್ ಏನು?"

"ಅವ್ವಾರು ನೋಡಿದ್ರೇನ್ರಿ ಮಾಮಾ?"

"ನೋಡಿದ್ಳಪಾ. ನಾಕ ಸಲ ಹಿಂದಕ ತಿರುಗಿಸಿ ನೋಡಿ ಅಳಾಕತ್ತಾಳ."

"ಮತ್ತ ನಿಮಗೇನ ಬೇಕಿತ್ರಿ?"

ಮಾಮಾ ಚಹಾ ಕುಡಿದು ಹೋದ. ಮುಂದಿನ ವರ್ಷ ತನ್ನ ಮಗನ ಮದುವೆಗೂ ನಮ್ಮನ್ನೇ ಕರೆದ. ಗಿರಾಕಿಯ ಎದುರು ಕೂತಾಗ ನಾವಿಬ್ಬರು ಕ್ಯಾಮೆರಾ ಚೀಲದ ಕೆಳಗೆ ಬೆರಳು ಒತ್ತಿ ಮಾತಾಡಿಕೊಳ್ಳುತ್ತಿದ್ದೆವು, ಬಗ್ಗೋಣವೋ ಬಿಗಿ ಹಿಡಿಯೋಣವೋ ಎಂದು. ಸಂತೆಯ ಆ ಭಾಷೆಯನ್ನೂ ಅದರ ನೇಮವನ್ನೂ ಅವನಿಗೆ ನಾನೇ ಕಲಿಸಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವನು ನಮ್ಮದೇ ಒಂದು ರಾಕ್ ಹಾಡಿನ ವಿಡಿಯೋ ಮಾಡೋಣ ಅಂದ. ಹಾಡು ಅವನೇ ಕಟ್ಟಿದ್ದು, ಕೈ ಬಿಟ್ಟು ಹೋದ ಗೆಳೆಯನ ಮೇಲೆ. ಊರ ಕೇಬಲ್‌ನಲ್ಲಿ ಹಾಕಿದರೆ ಅಂಗಡಿಯ ಹೆಸರು ಬೀದರದ ತನಕ ಹೋಗುತ್ತದೆ ಎಂದು ನಾನೂ ಲೆಕ್ಕ ಹಾಕಿದೆ. ಹಳ್ಳಿಖೇಡದ ಕಡೆ ಕಬ್ಬು ಇಳಿಸಿ ಖಾಲಿ ಬರುವ ಟ್ರ್ಯಾಕ್ಟರ್ ಒಂದನ್ನು ಮಾತಾಡಿ ಗೊತ್ತು ಮಾಡಿದೆ. ಅದರ ಟ್ರೇಲರ್ ಮೇಲೆ ಕ್ಯಾಮೆರಾ ಇಟ್ಟರೆ ಸಿನಿಮಾದವರ ಟ್ರಾಲಿಗೇನು ಕಡಿಮೆ! ಹೊಗೆಗೆ ದರ್ಗಾದ ಮುಂದಿನ ಅಂಗಡಿಯಿಂದ ಲೋಬಾನ.

ಪರದೇಶದವರ ಒಂದು ಕರಾಮತ್ತು ನಮಗೆ ಬಹಳ ದಿನ ಬಿಡಿಸಲಾಗಿರಲಿಲ್ಲ. ಹೊಗೆ, ಕೂದಲು ಎಲ್ಲ ನಿಧಾನ ತೇಲುತ್ತವೆ, ಹಾಡುವವನ ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡುತ್ತದೆ. ಕೊನೆಗೆ ಬಿಡಿಸಿದವನು ದೋಸ್ತ. ಶೂಟಿಂಗಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಓಡಿಸುವುದು, ಅವನು ಅಷ್ಟೇ ವೇಗದಲ್ಲಿ ಹಾಡುವುದು, ಆಮೇಲೆ ಚಿತ್ರವನ್ನು ಅರ್ಧ ವೇಗಕ್ಕೆ ಇಳಿಸುವುದು. ಕಬ್ಬಿನ ಹೊಲದ ಬದುವಿನಲ್ಲಿ ಟೇಪಿನಿಂದ ಇಲಿಯ ದನಿಯಲ್ಲಿ ಹಾಡು, ಅದಕ್ಕೆ ಸರಿಯಾಗಿ ತುಟಿ ಬಡಿಯುತ್ತ ಎದೆ ಬಡಿದುಕೊಳ್ಳುವ ಇವನು. ಕಬ್ಬು ಕಡಿಯುವವರು ಕುಡಗೋಲು ಕೆಳಗಿಟ್ಟು ನಕ್ಕರು. "ಪಾಪ, ಚೇಳ ಕಡದಿರಬೇಕು ನೋಡವ್ವಾ," ಅಂದಳು ಒಬ್ಬಾಕೆ.

ಎಲ್ಲ ಮುಗಿಯಿತು, ಕೊನೆಯ ಶಾಟ್ ಒಂದು ಬಿಟ್ಟು. ಹಾಡು ನಿಂತ ಮೇಲೆ ಒಂದು ಮುಖ ಬೇಕು, ಕ್ಯಾಮೆರಾದ ಎದುರೇ ಒಡೆಯುವ ಮುಖ. ದೋಸ್ತ ಕನ್ನಡಿಯ ಮುಂದೆ ಎಷ್ಟು ಹೊತ್ತು ಕೂತರೂ ಬರಲಿಲ್ಲ. ಕಣ್ಣಿಗೆ ಉಳ್ಳಾಗಡ್ಡಿ ಹಿಂಡಿಕೊಂಡ. ನೀರು ಬಂತು, ದುಃಖ ಬರಲಿಲ್ಲ.

"ನನ್ನ ಮಾರಿ ಒಡ್ಯಾಕ ಒಲ್ಲದೋ," ಅಂದ.

"ಕ್ಯಾಮೆರಾ ಅದ ಅಂತ ಗೊತ್ತಿದ್ದ ಮಾರಿ ಹ್ಯಾಂಗ ಒಡೀತದ?" ಅಂದೆ. ಈ ಬುದ್ಧಿಯನ್ನೂ ಅವನಿಗೆ ನಾನೇ ಹೇಳಿದೆ ನೋಡಿ.

ಮರುದಿನ ಅಂಗಡಿಯಲ್ಲಿ ನಾನು ಕ್ಯಾಸೆಟ್ಟಿನ ಧೂಳು ಒರೆಸುತ್ತಿದ್ದೆ. ಅವನು ಬಂದು ಎದುರು ಕೂತ.

"ಒಂದು ಮಾತು ಹೇಳ್ತೀನಿ, ಸಿಟ್ಟ ಆಗಬ್ಯಾಡ. ನಾ ಹೈದರಾಬಾದಕ ಹೊಂಟೀನಿ. ಅಲ್ಲಿ ಸ್ಟುಡಿಯೋದಾಗ ಕೆಲಸ ಪಕ್ಕಾ ಆಗ್ಯದ. ಅಂಗಡಿ ಇನ್ನ ನೀನ ನೋಡ್ಕೊ."

ಮೊದಲು ದಲಾಲನ ಮುಖವನ್ನೇ ಇಟ್ಟುಕೊಂಡೆ, ರೂಢಿ. ಅವನು ಸುಮ್ಮನೆ ನೋಡುತ್ತ ಕೂತ. ಮೊದಲು ಗದ್ದ ಅದುರಿತು, ಆಮೇಲೆ ಉಳಿದದ್ದೆಲ್ಲ ಕುಸಿಯಿತು. ಅಪ್ಪ ಸತ್ತಾಗಲೂ ಮಂದಿಯ ಎದುರು ಅಳದವನು ನಾನು.

ಅವನು ಚಪ್ಪಾಳೆ ತಟ್ಟಿ ಎದ್ದ. "ಝೂಟ್ ಹೇಳಿದೆ ಯಾರ್! ಶಾಟ್ ಸಿಕ್ಕಿತು!" ಅವನ ಹಿಂದಿನ ಕಪಾಟಿನಲ್ಲಿ ಕ್ಯಾಮೆರಾ ಇತ್ತು, ಮುಂದಿನ ಕೆಂಪು ದೀಪಕ್ಕೆ ಕರಿ ಪಟ್ಟಿ ಅಂಟಿಸಿದ್ದ. ನಾನು ಬೈದೆ, ಹೊಡೆಯಲು ಹೋದೆ, ಆಮೇಲೆ ನಕ್ಕೆ. ಹೋಗುವುದಿಲ್ಲ ಅಂದನಲ್ಲ, ಆ ಖುಷಿಯೇ ದೊಡ್ಡದಾಗಿತ್ತು. ಆ ಶಾಟ್ ಅಳಿಸಿಬಿಡು ಅಂದೆ. ಅಳಿಸುತ್ತೇನೆ ಎಂದು ಗಂಟಲು ಮುಟ್ಟಿ ಆಣೆ ಮಾಡಿದ. ಆಣೆ ಬಾಯಿಯದು. ಆಗಲೇ ಟವೆಲು ಹಾಕಿ ಕೇಳಬೇಕಿತ್ತು.

ಗುಲ್ಬರ್ಗಕ್ಕೆ ಹೋಗಿ ಮಿಕ್ಸಿಂಗ್ ಮಾಡಿಸಿಕೊಂಡು ಬಂದವನು ಕ್ಯಾಸೆಟ್ಟನ್ನು ನೇರ ಕೇಬಲ್‌ನವನಿಗೆ ಕೊಟ್ಟ. ನಾನು ನೋಡಿದ್ದು ಎಲ್ಲರ ಜೊತೆಗೇ, ಹೋಟೆಲಿನ ಟಿವಿಯಲ್ಲಿ, ಚಹಾದ ಬಸಿ ಕೈಯಲ್ಲಿ ಹಿಡಿದು. ಕಬ್ಬು, ಹೊಗೆ, ಗಿಟಾರು ಎಲ್ಲ ಬಣ್ಣದಲ್ಲಿ ಬಂದುಹೋದವು. ಹಾಡು ನಿಂತಿತು. ಬಣ್ಣ ಹೋಯಿತು. ನನ್ನ ಮುಖ ಬಂತು, ಪರದೆ ತುಂಬ, ಅರ್ಧ ವೇಗದಲ್ಲಿ. ಗದ್ದ ಅದುರುವುದಕ್ಕೇ ಎಷ್ಟೋ ಹೊತ್ತು ಹಿಡಿಯಿತು. ನಾವು ಕಲಿತಂತೆಯೇ ನೋಡುವವನು ಸಾಕು ಅನ್ನುವ ತನಕ ಹಿಡಿದಿದ್ದ. ಹಿಂದೆ ಸದ್ದೇ ಇರಲಿಲ್ಲ. ಅಡುಗೆಯವನು ಸೌಟು ಹಿಡಿದೇ ಹೊರಗೆ ಬಂದು ನಿಂತಿದ್ದ.

ಚಿತ್ರ ಚೆನ್ನಾಗಿತ್ತು. ಅಂಥ ಶಾಟ್ ನಾವು ಎಂದೂ ತೆಗೆದಿರಲಿಲ್ಲ. ಅದನ್ನು ಗುರುತಿಸುವ ಕಣ್ಣು ನನಗಿತ್ತಲ್ಲ, ಅದೇ ಹೆಚ್ಚು ಚುಚ್ಚಿತು.

ಕಾರಣ ಯಾರಿಗೂ ಗೊತ್ತಿರಲಿಲ್ಲ. ಹೆಣ್ಣಿನ ವಿಷಯವೇ ಇರಬೇಕು ಎಂದುಕೊಂಡರು. "ಯಾಕಿ ಬಿಟ್ಟ ಹೋದಾಳ್ರಿ?" ಎಂದು ಪಾನ್ ಅಂಗಡಿಯವನು ಅಡಿಕೆ ಕತ್ತರಿಸುತ್ತಲೇ ಕೇಳಿದ. ಮಾತು ಹುಮನಾಬಾದಿನ ಸಂತೆಗೂ ಮುಟ್ಟಿತು, ಅಲ್ಲಿಯವರು ನಕ್ಕರು. ಕಾಕಾ ಮಾತ್ರ ನಗಲಿಲ್ಲ. "ಇಪ್ಪತ್ತ ವರ್ಷ ಮುಚ್ಚಿಟ್ಟಿದ್ದಿ," ಅಂದ. "ಈಗ ಮನಿಮನ್ಯಾಗ ತೋರಸಾಕತ್ತಾರ. ಯಾರ ಕೈಯಾಗ ಕೊಟ್ಟಿದ್ದಿ ಮಾರಿ?"

ದೋಸ್ತನನ್ನು ಕೇಳಿದೆ. "ಹಾಡು ಆ ಶಾಟ್ ಕೇಳತಿತ್ತು, ನಾ ಹಾಕಿದೆ. ನಾಕ ದಿನದಾಗ ಮಂದಿ ಮರೀತಾರ ಬಿಡು," ಅಂದ. ಹೋಗಲಿ ಎಂದು ಅದನ್ನೂ ನುಂಗಿದೆ. ಮನುಷ್ಯ ಅಂಗಡಿಯಲ್ಲಿ ಇದ್ದಾನಲ್ಲ, ಅದು ಮುಖ್ಯ.

ತಿಂಗಳು ಕಳೆಯುವುದರೊಳಗೆ ಅವನು ಚೀಲ ಕಟ್ಟಿದ. ಹೈದರಾಬಾದಿಗೆ. ಸ್ಟುಡಿಯೋದವರು ಆ ಹಾಡು ನೋಡಿ ಕರೆದರು ಅಂದ, ಕೊನೆಯ ಶಾಟ್ ನೋಡಿ ಬಹಳ ಹೊಗಳಿದರಂತೆ. ಈ ಸಲ ನನ್ನ ಗದ್ದ ಅದುರಲಿಲ್ಲ. ಅಳಬೇಕಾದದ್ದನ್ನೆಲ್ಲ ಅವನು ಮೊದಲೇ ನನ್ನಿಂದ ಅಳಿಸಿ ತೆಗೆದುಕೊಂಡಿದ್ದ.

ಅವನನ್ನು ಕಳಿಸಲು ಹುಮನಾಬಾದಿನ ಬಸ್ ಸ್ಟ್ಯಾಂಡಿನ ತನಕ ಹೋದೆ. ಹೈದರಾಬಾದಿನ ಬಸ್ಸು ಬಂದು ನಿಂತಿತು. ಕೈ ಕೊಟ್ಟ. ನಾನು ಕೈ ಬಿಡದೆ, ಹೆಗಲ ಮೇಲಿನ ಟವೆಲು ತೆಗೆದು ಎರಡೂ ಕೈ ಮುಚ್ಚಿದೆ. ಅವನು ನಕ್ಕ. "ಏನೋ ಇದು, ನನ್ನ ಮಾರಾಕತ್ತಿ ಏನು?"

"ಒಂದ ಕೇಳ್ತೀನಿ," ಅಂದೆ. "ಅಂಗಡ್ಯಾಗ ನನ್ನ ಅಳಿಸಿದ ದಿನಾ ಹೈದರಾಬಾದ್ ಮೊದಲ ಪಕ್ಕಾ ಆಗಿದ್ರ ಒಂದು ಬೆರಳು ಹಿಡಿ. ಹಾಡು ನೋಡಿ ಕರದಿದ್ರ ಎರಡು."

ಅವನ ಮುಖದ ಮೇಲಿನ ನಗು ಹಾಗೇ ಇತ್ತು. ನಾನು ಮುಖ ನೋಡಲಿಲ್ಲ, ಟವೆಲನ್ನೇ ನೋಡುತ್ತಿದ್ದೆ. ಕಂಡಕ್ಟರ್ ಸೀಟಿ ಊದಿದ. ಆಗ ಟವೆಲಿನ ಕೆಳಗೆ ಅವನು ನನ್ನ ತೋರುಬೆರಳನ್ನು ಹಿಡಿದ. ಅದೊಂದನ್ನೇ. ಬಿಗಿಯಾಗಿ ಒತ್ತಿದ.

ಬಸ್ಸು ಹೊರಟಿತು. ಬಾಗಿಲಲ್ಲಿ ನಿಂತು ಅವನು ಏನೋ ಕೂಗಿ ಹೇಳುತ್ತಿದ್ದ, ಎಂಜಿನ್ ಸದ್ದಿನಲ್ಲಿ ಬಾಯಿ ಆಡುವುದಷ್ಟೇ ಕಂಡಿತು. ನಗುತ್ತಲೇ ಇದ್ದ. ನಾನು ಅವನ ಕೈ ನೋಡಿದೆ. ಒಂದು ಕೈ ಕಂಬಿ ಹಿಡಿದಿತ್ತು. ನನಗೆ ಕೊಟ್ಟಿದ್ದ ಕೈಯನ್ನು ಅವನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ, ಬಸ್ಸು ತಿರುವು ದಾಟುವ ತನಕ.