ನೋಡಲಿಕ್ಕೆ ತಂದ ಕೋಸು

ಭೋಗಿ ದಿನ ಬೆಳಿಗ್ಗೆ ತಲೆ ಮೇಲೆ ನೀರು ಹಾಕಿಕೊಂಡು ಹಿಂದಿನ ಬಾಗಿಲು ತೆಗೆದೆ. ಕುಂಡದಲ್ಲಿ ನನ್ನ ಬಣ್ಣದ ಕೋಸು ಇರಲಿಲ್ಲ. ಗೇಣುದ್ದದ ಬೋಳು ದಂಟು ಮಾತ್ರ ನಿಂತಿತ್ತು.

ಆಡು ಬಂತೇ? ಗೇಟು ಹಾಕಿದ್ದು ಹಾಕಿದ ಹಾಗೇ ಇದೆ. ಕಳ್ಳರೇ? ಕೋಸು ಕದಿಯುವ ಕಳ್ಳ ನಮ್ಮ ಬೀಳಗಿಯಲ್ಲಿ ಇನ್ನೂ ಹುಟ್ಟಿಲ್ಲ. ಬಗ್ಗಿ ನೋಡಿದೆ. ಕುಡಗೋಲಿನಿಂದ ನೀಟಾಗಿ ಕೊಯ್ದ ಗುರುತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಒಗ್ಗರಣೆ ಚುಂಯ್ ಅಂತು.

ಹಿಂದಿನ ಕಥೆ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ನಮ್ಮ ಅತ್ತಿಯನ್ನು ಸುಮ್ಮಸುಮ್ಮನೆ ಬೈತೀರಿ.

ಇದು ಅಲಂಕಾರದ ಕೋಸು. ಗಡ್ಡೆ ಕಟ್ಟುವುದಿಲ್ಲ, ಅರಳಿಕೊಂಡು ಕೂರುತ್ತದೆ. ಹೊರಗೆ ಹಸಿರು, ಒಳಗೆ ಗುಲಾಬಿ, ಅಂಚಿಗೆಲ್ಲ ಫ್ರಿಲ್ಲು. ಬೆಳಗಾವಿಗೆ ಮದುವೆಗೆ ಹೋದಾಗ ನರ್ಸರಿಯಲ್ಲಿ ಕಂಡು ಮರುಳಾಗಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದಿದ್ದೆ. ಲೋಕಾಪುರದಲ್ಲಿ ಹತ್ತಿದ ಅಜ್ಜ ಒಬ್ಬ ಪಕ್ಕದಲ್ಲಿ ಕೂತು, "ಪಲ್ಯಾಕೇನ್ರೀ?" ಅಂತ ಕೇಳಿದ್ದ. ನಾನು ನಕ್ಕಿದ್ದೆ.

ನಮ್ಮ ಬಿಸಿಲ ಸೀಮೆಯಲ್ಲಿ ಇದನ್ನು ಸಾಕುವುದೆಂದರೆ ಬಾಣಂತನ ಮಾಡಿದ ಹಾಗೆ. ಮುಂಜಾನೆ ಬಿಸಿಲು ಬೇಕು, ಮಧ್ಯಾಹ್ನ ಕುಂಡವನ್ನು ನೆರಳಿಗೆ ಎಳೆಯಬೇಕು. ಮಣ್ಣು ಹಸಿ ಇರಬೇಕು, ನೀರು ನಿಲ್ಲಬಾರದು. ಎಲೆ ಅಡಿಗೆ ಹಸಿರು ಹುಳ ಬಂದರೆ ಒಂದೊಂದನ್ನೇ ಕೈಯಿಂದ ಆರಿಸಬೇಕು. (ಔಷಧ ಹೊಡೆಯಲಿಲ್ಲ. ಅದು ಎಂಥ ಪುಣ್ಯದ ಕೆಲಸ ಅಂತ ಆಮೇಲೆ ಗೊತ್ತಾಯಿತು.) ಚಳಿ ಬಿದ್ದ ಮೇಲೆಯೇ ಬಣ್ಣ ಏರುವುದು. ಸಂಕ್ರಮಣದ ಹೊತ್ತಿಗೆ ಕೋಸು ಮದುಮಗಳ ಹಾಗೆ ಕೂತಿತ್ತು. ಕುಸುರೆಳ್ಳು ಕೊಡಲು ಬರುವ ಗೆಳತಿಯರಿಗೆಲ್ಲ, ನೋಡಬರ್ರಿ ಅಂತ ಮೊದಲೇ ಹೇಳಿಟ್ಟಿದ್ದೆ.

ಇನ್ನು ಅತ್ತಿ. ನಮ್ಮ ಊರು ಅನಗವಾಡಿ ಆಚೆ, ಹೊಳೆ ದಂಡೆಯಲ್ಲಿತ್ತು. ನಾನು ಸೊಸೆಯಾಗಿ ಹೋದದ್ದು ಅಲ್ಲಿಗೇ. ಡ್ಯಾಮಿನ ಹಿನ್ನೀರು ಬಂತು, ಊರು ಮುಳುಗಿತು, ಬೀಳಗಿಯಲ್ಲಿ ಪ್ಲಾಟ್ ಹಿಡಿದು ಮನೆ ಕಟ್ಟಿಕೊಂಡೆವು. ಆ ಹಳೇ ಮನೆ ಹಿಂದೆ ಅತ್ತಿಯ ಹಿತ್ತಲಿತ್ತು. ಬದನಿ, ಅವರಿ, ಗಜ್ಜರಿ, ಹಕ್ಕರಿಕಿ ಸೊಪ್ಪು, ಏನು ಕೇಳ್ತೀರಿ! ಭೋಗಿ ಪಲ್ಯಕ್ಕೆ ನಮ್ಮ ಕಡೆ ಸಿಕ್ಕ ಕಾಯಿಪಲ್ಯವೆಲ್ಲ ಬೀಳಬೇಕು, ಅದು ನಿಮಗೂ ಗೊತ್ತು. ಅತ್ತಿಯ ಪದ್ಧತಿ ಇನ್ನೂ ಬಿಗಿ. ಬೀಳುವುದೆಲ್ಲ ಸ್ವಂತ ಮಣ್ಣಿನದೇ ಆಗಿರಬೇಕು.

ಇಲ್ಲಿಗೆ ಬಂದ ಮೇಲೆ ಅವರು ಒಂದು ಬೀಜವನ್ನೂ ಊರಲಿಲ್ಲ. "ಈ ಮನ್ಯಾಗ ಏನ್ ಹಚ್ಚೂದ ಬೇ, ಬರೇ ಗರಸ" ಅನ್ನೋರು. ಮಣ್ಣು ಗರಸು, ಬರೀ ಕಲ್ಲುಹರಳು ಅನ್ನುವುದು ಖರೆ. ಆದರೆ ನನಗೆ ಚುಚ್ಚುತ್ತಿದ್ದದ್ದು 'ಈ ಮನಿ' ಅನ್ನುವುದು. 'ನಮ್ಮ ಮನಿ' ಅಂದರೆ ಅವರಿಗೆ ನೀರಿನ ಕೆಳಗಿನದು.

ಭೋಗಿ ಬಂದರೆ ಸಂತೆ ಕಾಯಿಪಲ್ಯ ತಂದು ನಾನೇ ಪಲ್ಯ ಮಾಡುತ್ತಿದ್ದೆ. ಅವರು ಎರಡು ತುತ್ತು ಉಂಡು ಎದ್ದುಬಿಡೋರು. ಬೈಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಛಲೋ ಇತ್ತು. ಈ ಜೀವ ಇನ್ನು ಇಲ್ಲಿಗೆ ಹೊಂದುವುದೇ ಇಲ್ಲವೇನೋ ಅಂತ ಪ್ರತಿ ಭೋಗಿಗೂ ನನಗೆ ಅನ್ನಿಸುತ್ತಿತ್ತು.

ನನ್ನ ಕುಂಡಗಳನ್ನು ಕಂಡರಂತೂ ಅವರಿಗೆ ನಗೆ. "ಗಡಿಗ್ಯಾಗ ಹಿತ್ತಲಾ ಮಾಡ್ಯಾಳ ನೋಡ!" ಒಂದು ದಿನ ಕೋಸಿನ ಎಲೆ ಮುಟ್ಟಿ, "ಇದನ್ನ ತಿನ್ನಾಕ ಬರಂಗಿಲ್ಲೇನ?" ಅಂತ ಕೇಳಿದ್ದರು.

"ಬರತೈತ್ರೀ ಅತ್ತಿ. ಆದ್ರ ಇದು ನೋಡಾಕ."

"ನೋಡಾಕ ಯಾರರ ಕೋಸ ಸಾಕ್ತಾರೇನ ಯವ್ವಾ" ಅಂತ ಒಳಗೆ ಹೋಗಿದ್ದರು.

ಈಗ ಮತ್ತೆ ಭೋಗಿ ಬೆಳಿಗ್ಗೆಗೆ ಬರೋಣ. ಅಡುಗೆಮನೆಗೆ ನುಗ್ಗಿದೆ. ಅತ್ತಿ ಒಲೆ ಮುಂದೆ ನಿಂತಿದ್ದರು. ಎಷ್ಟು ವರ್ಷದ ಮೇಲೆ!

"ನನ್ನ ಕೋಸು ಎಲ್ಲೈತ್ರೀ?"

"ಪಲ್ಯಾದಾಗ ಐತಿ." ತಿರುಗಿಯೂ ನೋಡಲಿಲ್ಲ.

"ಅದನ್ನ ನೋಡಾಕ ತಂದಿದ್ನಲ್ರೀ!"

"ಇಷ್ಟ ದಿನ ನೋಡಿದ್ಯಲ್ಲ, ಸಾಲಲಿಲ್ಲೇನ? ಭೋಗಿಗೆ ಮನೀದು ಏನರ ಒಂದ ಬೀಳಬೇಕೋ ಬ್ಯಾಡೋ? ನಮ್ಮ ಮನ್ಯಾಗ ಬೆಳದದ್ದು ಅದೊಂದ ಇತ್ತು, ಹಾಕೇನಿ."

ನಮ್ಮ ಮನ್ಯಾಗ.

ಸೆರಗಿನಿಂದ ಕಣ್ಣೊರೆಸಿಕೊಂಡೆ. (ಒಗ್ಗರಣೆ ಘಾಟು ಅಂತ ಹೇಳಬಹುದಿತ್ತು. ನಿಮ್ಮ ಮುಂದೆ ಸುಳ್ಳು ಯಾಕೆ?)

ರುಚಿ ಹೇಗಿತ್ತು ಅಂತೀರಾ? ಕಹಿ. ಎಲೆಯೋ, ಎಷ್ಟು ಬೆಂದರೂ ಬಿರುಸು. ನಮ್ಮ ಯಜಮಾನರು ಅಗಿದರು, ಅಗಿದರು, "ಇದ್ಯಾವ ತಪ್ಪಲಾ..." ಅಂತ ಶುರು ಮಾಡಿದರು. ನಾನು ಕಣ್ಣು ಕೆಕ್ಕರಿಸಿದೆ. ಸುಮ್ಮನೆ ನುಂಗಿದರು. ಅತ್ತಿ ಮಾತ್ರ ಇನ್ನೊಂದು ಸಜ್ಜಿ ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡರು.

ಮರುದಿನ, ಸಂಕ್ರಮಣದ ಸಂಜೆ, ಗೆಳತಿಯರು ಕುಸುರೆಳ್ಳು ಹಿಡಿದುಕೊಂಡು ಬಂದರು. ನಾನು ಸಾಲಿ ಅಕ್ಕಾರು, ಅಂದರೆ ಶಾಲೆ ಟೀಚರು, ಹಾಗಾಗಿ ಓಣಿಗೆಲ್ಲ ಅಕ್ಕಾರೇ. "ಎಲ್ಲೈತ್ರೀ ಅಕ್ಕಾರ, ನಿಮ್ಮ ಹೂವಿನ ಕೋಸು?" ನಾನು ಬಾಯಿ ತೆರೆಯುವ ಮೊದಲೇ ಅತ್ತಿ ಎದ್ದು ಬಂದರು. ಯಾರು ಬಂದರೂ ಒಳಕೋಣೆ ಬಿಟ್ಟು ಬಾರದಿದ್ದ ಅತ್ತಿ, ಅಷ್ಟೂ ಜನರನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಬೋಳು ದಂಟು ತೋರಿಸಿದರು. "ಇಲ್ಲೇ ಇತ್ರೀ. ನಿನ್ನಿ ಉಂಡ್ವಿ. ನಮ್ಮ ಹಿತ್ತಲದ್ದು."

ಗೆಳತಿಯರು ನನ್ನ ಮುಖ ನೋಡಿದರು. ನಾನು ಎಲ್ಲರ ಕೈಗೂ ಇನ್ನಷ್ಟು ಎಳ್ಳು ಬೆಲ್ಲ ಹಾಕಿದೆ.

ಈಗ ಆ ದಂಟಿನ ಸುತ್ತ ಹಕ್ಕರಿಕಿ ಬೀಜ ಬಿದ್ದಿವೆ. ನನ್ನನ್ನು ಯಾರೂ ಕೇಳಿಲ್ಲ. ನಿನ್ನೆ ಅತ್ತಿ ನನ್ನ ಗುಲಾಬಿ ಕುಂಡದ ಮುಂದೆ ಬಹಳ ಹೊತ್ತು ನಿಂತಿದ್ದು, "ಇದನ್ನ ಕಿತ್ತು ಬದನಿ ಹಚ್ಚೂಣೇನ ಬೇ?" ಅಂದರು. ಎರಡೂ ಕೈಗೆ ಮಣ್ಣು ಮೆತ್ತಿತ್ತು.

ಯಾವ ಬಾಯಿಂದ ಬೇಡ ಅನ್ನಲಿ, ನೀವೇ ಹೇಳಿ?